ಶನಿವಾರದ ಗಾರ್ಡ್

ವಾರದಲ್ಲಿ ಐದು ದಿನ ಅವರ ಎದುರು ನಿಲ್ಲಲು ನಮಗೆಲ್ಲ ಭಯ. ಶನಿವಾರ ಮಾತ್ರ ಅವರು ಬೇರೆ ಮನುಷ್ಯ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಅವರು ಗುಣಮಟ್ಟ ವಿಭಾಗದ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಕೆಮಿಸ್ಟ್. ಬಿಳಿ ಕೋಟು, ಇಸ್ತ್ರಿ ಮುರಿಯದ ಪ್ಯಾಂಟು, ಜೇಬಿನಲ್ಲಿ ಎರಡು ನೀಲಿ ಪೆನ್ನು. ಒಂದು ಪೆನ್ನು ಕೈಕೊಟ್ಟರೆ ಇನ್ನೊಂದು ಇರಲೆಂದು. ಶನಿವಾರ ಬೆಳಿಗ್ಗೆ ಅದೇ ಮನುಷ್ಯ ಎಣ್ಣೆ ಕಲೆಯ ಮೇಲಂಗಿ ತೊಟ್ಟು, ಊಟದ ಡಬ್ಬಿ ಹಿಡಿದು, ಮನೆಯಿರುವ ಕಿಲಿಮಾನಿಯಲ್ಲಿ ಮಟಾಟು ಎನ್ನುವ ಬಾಡಿಗೆ ವ್ಯಾನು ಹತ್ತಿ, ಬಳಕೆ ತಪ್ಪಿದ ಒಂದು ಹಳಿಯ ಪಕ್ಕದ ಶೆಡ್ಡಿಗೆ ಬರುತ್ತಿದ್ದರು. ಹಳೆಯ ರೈಲುಗಳ ಹುಚ್ಚು ಹಿಡಿದವರ ಸಣ್ಣ ಸಂಘವೊಂದರ ಶೆಡ್ಡು ಅದು. ಎಂದೂ ಓಡದ ಒಂದು ಉಗಿ ಎಂಜಿನ್ನು, ಎರಡು ಮರದ ಬೋಗಿ, ರಾಶಿ ತುಕ್ಕು. ತುಕ್ಕು ಕೆರೆಯಲು, ಬಣ್ಣ ಬಳಿಯಲು ಸಂಬಳವಿಲ್ಲದೆ ಬರುವ ಹದಿನೈದಿಪ್ಪತ್ತು ಜನ. ಎರಡು ಮೂರು ತಿಂಗಳಿಗೊಮ್ಮೆ ಬಾಡಿಗೆಗೆ ಡೀಸೆಲ್ ಎಂಜಿನ್ ತಂದು ಆ ಬೋಗಿಗಳಿಗೆ ಕಟ್ಟಿ, ಟಿಕೆಟ್ ಕೊಂಡವರನ್ನೆಲ್ಲ ಕೂರಿಸಿಕೊಂಡು ಲಿಮುರುವಿನ ತನಕ ಹೋಗಿ ಬರುವುದು ಸಂಘದ ದೊಡ್ಡ ಹಬ್ಬ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಸರ್. ಶೆಡ್ಡಿನ ಕೀನ್ಯಾದವರಿಗೆ ಮ್ಝೇ, ಅಂದರೆ ಹಿರಿಯರು. ನನಗೆ ಎರಡು ಕಡೆಯೂ ಸರ್.

ನಾನು ಆ ಶೆಡ್ಡಿಗೆ ಬಿದ್ದದ್ದು ಒಂದು ಮೂರ್ಖ ಉತ್ತರದಿಂದ. ಶುಕ್ರವಾರ ಸಂಜೆ ಹೊರಡುವಾಗ ಅವರು, "ನಾಳೆ ಏನ್ ಕೆಲಸ ಇದೆ ನಿಮಗೆ?" ಎಂದು ಕೇಳಿದರು. ಬಾಸ್ ಕೇಳಿದರೆ ಏನು ಹೇಳಬೇಕೋ ಅದನ್ನೇ ಹೇಳಿದೆ, "ಏನೂ ಇಲ್ಲ ಸರ್." ಮಾರನೆಯ ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಬೋಗಿಯೊಂದರ ಬಾಗಿಲು ಕೆರೆದೆ. ಕೆಂಪು ಬಣ್ಣದ ಕೆಳಗೆ ಹಸಿರು, ಹಸಿರಿನ ಕೆಳಗೆ ಕಂದು. ಅಂಗೈ ಬೊಬ್ಬೆ ಎದ್ದಿತ್ತು. ಮನೆಗೆ ಬಂದಾಗ ಹೆಂಡತಿ, "ಐದು ದಿನ ಬೈಸ್ಕೊಂಡಿದ್ದು ಸಾಲ್ದಾ? ಆರನೇ ದಿನಾನೂ ಬೇಕಾ?" ಎಂದಳು. ಅವಳು ಹೇಳಿದ್ದು ಸರಿಯೆನಿಸಿತು. ಆದರೂ ಮುಂದಿನ ಶನಿವಾರ ಯಾರೂ ಕರೆಯದೆ ನಾನೇ ಹೋದೆ. ಬಾಗಿಲು ಅರ್ಧಕ್ಕೆ ನಿಂತಿತ್ತಲ್ಲ.

ಕಾರ್ಖಾನೆಯಲ್ಲಿ ಅವರು ಎಲ್ಲರಿಗೂ ಬಹುವಚನ ಕೊಡುತ್ತಿದ್ದರು, ಕಸ ಗುಡಿಸುವವನಿಗೂ. ಬೈಯುವಾಗಲೂ ಬಹುವಚನವೇ. ಶೆಡ್ಡಿನಲ್ಲಿ ಎರಡನೆಯ ವಾರವೇ ನಾನು ಅವರಿಗೆ "ನೀನು" ಆದೆ. ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ದರೋ ಎನ್ನುವಷ್ಟು ಹರಟೆ ಶುರುವಾಯಿತು. ಸ್ಪ್ಯಾನರ್ ಹಿಡಿದು ಬೋಗಿಯ ಕೆಳಗೆ ಮಲಗಿಕೊಂಡೇ ಮಾತಾಡುತ್ತಿದ್ದರು. ಸಡಿಲಗೊಳ್ಳದ ಬೋಲ್ಟಿಗೆ ಮೈಸೂರಿನ ರಾಗದಲ್ಲಿ "ಪೋಲೆ ಪೋಲೆ, ಅವಸರ ಇಲ್ಲ" ಎಂದು ಸಮಾಧಾನ ಹೇಳುತ್ತಿದ್ದರು.

ಅವರ ತಂದೆ ಅರಸೀಕೆರೆ ಕಡೆಯ ಮೀಟರ್‌ಗೇಜ್ ಗಾಡಿಗಳಲ್ಲಿ ಗಾರ್ಡ್ ಆಗಿದ್ದವರು. ಅಲ್ಲಿ ಆ ಹಳಿಗಳನ್ನೆಲ್ಲ ಕಿತ್ತು ಅಗಲದ ಹಳಿ ಹಾಕಿ ಎಷ್ಟೋ ವರ್ಷವಾಯಿತು. ನೈರೋಬಿಗೆ ಬಂದ ಮೊದಲ ವಾರ ಲೆವೆಲ್ ಕ್ರಾಸಿಂಗಿನಲ್ಲಿ ಇವರು ಕಂಪನಿಯ ಕಾರು ನಿಲ್ಲಿಸಿ ಇಳಿದರಂತೆ. ಎರಡು ಹಳಿಗಳ ನಡುವೆ ಪಾದದ ಮುಂದೆ ಪಾದ ಇಟ್ಟು ಅಳೆದು, "ಅದೇ ಅಳತೆ ಕಣ್ರೀ" ಎಂದು ಡ್ರೈವರಿಗೆ ಕನ್ನಡದಲ್ಲೇ ಹೇಳಿದರಂತೆ. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವು, ಡ್ರೈವರು ಗಾಬರಿಯಾಗಿ ಯಾರಿಗೋ ಫೋನ್ ಮಾಡಲು ಹೊರಟಿದ್ದ ಎಂದು ಅವರೇ ನಕ್ಕು ಹೇಳುತ್ತಿದ್ದರು.

"ಅಪ್ಪನ ಹಸಿರು ಬಾವುಟಾನ ಒಂದೇ ಒಂದು ಸಲ ಬೀಸಿದೀನಿ ಕಣೋ, ಆರನೇ ಕ್ಲಾಸಲ್ಲಿ. ಬೀಸಿದ ತಕ್ಷಣ ಅಷ್ಟುದ್ದದ ಗಾಡಿ ಹೊರಟುಬಿಡ್ತು. ಆಮೇಲೆ ಜೀವನದಲ್ಲಿ ನಾನು ಹೇಳಿದ ಹಾಗೆ ಯಾವುದೂ ಹೊರಡಲಿಲ್ಲ ಬಿಡು."

ರೈಲ್ವೆಗೆ ಸೇರುತ್ತೇನೆಂದಾಗ ಅಪ್ಪ ಬೇಡವೆಂದರು. ಹಬ್ಬ ಹರಿದಿನವೆಲ್ಲ ಗಾಡಿಯಲ್ಲೇ ಕಳೆದ ತಮ್ಮ ಬಾಳು ಮಗನಿಗೆ ಬೇಡವೆಂದು ಕೆಮಿಸ್ಟ್ರಿ ಓದಿಸಿದರು. ಮಗ ಓದಿದ, ದೊಡ್ಡ ಹುದ್ದೆಗೆ ಏರಿದ. ಅರವತ್ತೈದು ದಾಟಿ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ, ಮಗಳ ಸಂಸಾರ ನೈರೋಬಿಯದೇ ರಿವರ್‌ಸೈಡಿನಲ್ಲಿ ಇದ್ದುದರಿಂದ ಊರಿಗೆ ಹೋಗದೆ ಇಲ್ಲೇ ಉಳಿದ. ಆ ವರ್ಷವೇ ಸಂಘದವರು ಅವರನ್ನು ಲಿಮುರು ಗಾಡಿಯ ಗಾರ್ಡ್ ಮಾಡಿದರು. ತೋಳಿಗೆ ಕಟ್ಟುವ ಒಂದು ಪಟ್ಟಿ, ಒಂದು ಸೀಟಿ, ಕೆಂಪು ಹಸಿರು ಎರಡು ಬಾವುಟ. ಅವರ ಬೀಳ್ಕೊಡುಗೆಯ ದಿನ ಕಾರ್ಖಾನೆಯ ಮಾಲೀಕರು ಒಳ್ಳೆಯ ಗಡಿಯಾರವನ್ನೇ ಕೊಟ್ಟಿದ್ದರು, ಅದನ್ನು ಅವರು ಡಬ್ಬದಿಂದ ತೆಗೆದದ್ದನ್ನೂ ನಾನು ನೋಡಲಿಲ್ಲ. ಬಾವುಟಗಳನ್ನು ಮಾತ್ರ ಮನೆಗೆ ಒಯ್ದು ಒಗೆದು ಇಸ್ತ್ರಿ ಮಾಡಿ ತರುತ್ತಿದ್ದರು.

ಎಂಜಿನ್ನು ಒಂದಿದ್ದರೆ ಅವರಿಗೆ ಊಟವೂ ಬೇಡ. ನೈವಾಶಾ ಸರೋವರದ ದೋಣಿಯಲ್ಲಿ ನಾವೆಲ್ಲ ನೀರಾನೆ ಎಲ್ಲಿ ಎಂದು ಹುಡುಕುತ್ತಿದ್ದರೆ ಅವರು ದೋಣಿಯ ಎಂಜಿನ್ನಿನ ಮೇಲೆ ಕಣ್ಣಿಟ್ಟು ಕೂರುತ್ತಿದ್ದರು. ಮೊಂಬಾಸಾಗೆ ಹೋಗುವ ಹೊಸ ಅಗಲದ ಹಳಿಯ ರೈಲನ್ನು ಮಾತ್ರ ಅವರು ಕೊನೆಗೂ ಒಪ್ಪಲಿಲ್ಲ. ಎಲ್ಲರ ಬಲವಂತಕ್ಕೆ ಒಮ್ಮೆ ಹೋಗಿ ಬಂದು, "ಅದು ವಿಮಾನ. ನೆಲದ ಮೇಲೆ ಹೋಗುತ್ತೆ, ಅಷ್ಟೆ" ಎಂದರು.

ಶೆಡ್ಡಿನಲ್ಲಿ ಅವರ ಜೋಡಿ ಒಡಿಯಾಂಬೊ. ರೈಲ್ವೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದು ನಿವೃತ್ತನಾದವನು, ಕಿವಿ ಸ್ವಲ್ಪ ಮಂದ. ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಒಡಿಯಾಂಬೊ ತನ್ನ ಉಗಾಲಿ ಮುದ್ದೆಯ ಮೇಲೆ ಸರ್ ಮನೆಯ ಚಟ್ನಿಪುಡಿ ಉದುರಿಸಿಕೊಳ್ಳುವನು, ಸರ್ ಆ ಮುದ್ದೆಯಲ್ಲಿ ಒಂದು ತುಂಡು ಮುರಿದು, "ಇದು ನಮ್ಮ ರಾಗಿ ಮುದ್ದೆಯ ಬಿಳಿ ತಮ್ಮ" ಎನ್ನುವರು. ಹಳಿಯ ವಿಷಯದಲ್ಲಿ ಒಡಿಯಾಂಬೊ ಹೇಳಿದ್ದೇ ಕೊನೆ. ಕಾರ್ಖಾನೆಯಲ್ಲಿ ಯಾರ ಮಾತಿಗೂ ತಲೆಯಾಡಿಸದ ಸರ್ ಅವನ ಮಾತಿಗೆ ತಲೆಯಾಡಿಸುತ್ತಿದ್ದರು.

ಒಂದು ಮಾತ್ರ ಅವರು ಕಾರ್ಖಾನೆಯಿಂದ ಶೆಡ್ಡಿಗೆ ಹೊತ್ತು ತಂದಿದ್ದರು: ಬರೆಯುವುದು. ನಮ್ಮ ಔಷಧದ ಕೆಲಸದಲ್ಲಿ ಮಾಡಿದ್ದನ್ನು ಮಾಡಿದ ಹೊತ್ತಿಗೇ ಬರೆದು ಸಹಿ ಹಾಕಬೇಕು. ನೆನಪಿನಿಂದ ಬರೆಯಬಾರದು, ಇನ್ನೊಬ್ಬರ ಪರವಾಗಿ ಬರೆಯಬಾರದು. ನಾನು ಹೊಸದಾಗಿ ಸೇರಿದಾಗ ಹತ್ತು ಗಂಟೆಗೆ ಬರೆಯಬೇಕಾದ ಉಷ್ಣಾಂಶವನ್ನು ಹನ್ನೊಂದಕ್ಕೆ ಅಂದಾಜಿನಲ್ಲಿ ಬರೆದಿದ್ದೆ. ಅದು ಹೇಗೆ ಗೊತ್ತಾಯಿತೋ, ನನ್ನನ್ನು ಕೋಲ್ಡ್ ರೂಮಿನ ಎದುರು ಕುರ್ಚಿ ಹಾಕಿ ಕೂರಿಸಿದರು. ಸಂಜೆವರೆಗೆ ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆಯುವುದು, ಬೇರೆ ಕೆಲಸವಿಲ್ಲ. ನಾಲ್ಕು ಗಂಟೆಗೆ ಅವರೇ ಚಹಾ ತಂದು ಕೊಟ್ಟು, "ಈಗ ನಿಮಗೆ ಈ ಥರ್ಮಾಮೀಟರಿನ ಪರಿಚಯ ಆಗಿರುತ್ತೆ" ಎಂದು ಹೋದರು. ಆ ದಿನ ಸಿಟ್ಟು ಬಂದಿತ್ತು. ಆಮೇಲೆ ಹತ್ತು ವರ್ಷ ನನ್ನ ಅನ್ನ ಹುಟ್ಟಿದ್ದು ಆ ಪಾಠದಿಂದ. ಅವರ ನಂತರ ಅವರ ಕುರ್ಚಿಗೆ ಬಂದವನೂ ನಾನೇ.

ಶೆಡ್ಡಿನಲ್ಲಿಯೂ ಅವರು ಎರಡು ರಿಜಿಸ್ಟರ್ ಇಡಿಸಿದರು. ಒಂದು ತರಬೇತಿಯದು: ಯಾವ ಯಂತ್ರವನ್ನು ಯಾರು ಮುಟ್ಟಲು ಕಲಿತಿದ್ದಾರೆ ಎಂಬುದಕ್ಕೆ ಅವರವರ ಸಹಿ. ಇನ್ನೊಂದು ಎಡವಟ್ಟುಗಳದು: ಏನಾದರೂ ತಪ್ಪಿದರೆ ಮೊದಲು ಕಂಡವರು ಅದೇ ದಿನ ಬರೆಯಬೇಕು, ಕಂಡದ್ದನ್ನಷ್ಟೇ ಬರೆಯಬೇಕು, ಸಂಬಂಧಪಟ್ಟವರು ಓದಿ ಸಹಿ ಹಾಕಬೇಕು. ಸಂಘದವರು ಮೊದಮೊದಲು ನಗುತ್ತಿದ್ದರು. ಸ್ಪ್ಯಾನರ್ ಕಾಲ ಮೇಲೆ ಬಿದ್ದದ್ದಕ್ಕೂ ಅರ್ಧ ಪುಟ. ಆದರೆ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್, ಅವರಿಗೆ ರಿಜಿಸ್ಟರುಗಳೆಂದರೆ ಪ್ರೀತಿ.

ಅವರು ಗಾರ್ಡ್ ಆಗಿ ಐದನೆಯ ವರ್ಷ ಸಂಘಕ್ಕೆ ಒಂದು ಹಳೆಯ ಗಾರ್ಡ್ ವ್ಯಾನ್ ಸಿಕ್ಕಿತು. ಗಾಡಿಯ ಕೊನೆಗೆ ಕಟ್ಟುವ, ಗಾರ್ಡ್ ಕೂರುವ ಪುಟ್ಟ ಬೋಗಿ. ಯಾವುದೋ ತೋಟದ ಖಾಸಗಿ ಹಳಿಯಲ್ಲಿ ಓಡಿ ಮೂಲೆಗೆ ಬಿದ್ದಿದ್ದ ಅದನ್ನು ಸರ್ ಮತ್ತು ಒಡಿಯಾಂಬೊ ನಾಲ್ಕು ತಿಂಗಳು ಉಜ್ಜಿ ರಿಪೇರಿ ಮಾಡಿದರು. ಒಳಗೆ ಸ್ಟೀರಿಂಗಿನಂಥ ಒಂದು ಕಬ್ಬಿಣದ ಚಕ್ರ, ಅದು ಕೈಬ್ರೇಕು. ಸಿದ್ಧವಾದ ಮೇಲೆ ಒಂದು ಶನಿವಾರ ಎಲ್ಲರಿಗೂ ಆ ವ್ಯಾನಿನ ತರಬೇತಿ ಇಟ್ಟರು. ಆ ಶನಿವಾರ ನಾನು ಹೆಂಡತಿ ಮಕ್ಕಳೊಂದಿಗೆ ನೈವಾಶಾಕ್ಕೆ ಹೋಗಿದ್ದೆ. ಮುಂದಿನ ವಾರ ಬಂದು ನೋಡಿದರೆ ರಿಜಿಸ್ಟರಿನಲ್ಲಿ ಎಲ್ಲರ ಸಹಿ ಇದೆ, ನನ್ನ ಹೆಸರಿನ ಎದುರು ಖಾಲಿ. ಹಿಂದಿನ ವಾರದ ತಾರೀಖು ಹಾಕಿ ಸಹಿ ಮಾಡಿದೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಪವಿಲ್ಲ. ಇದು ಶೆಡ್ಡಲ್ಲವೇ, ಚಕ್ರ ತಿರುಗಿಸಲು ಏನು ಓದಬೇಕು ಅಂದುಕೊಂಡೆ.

ಆ ವ್ಯಾನಿನ ಮೊದಲ ಪ್ರವಾಸಕ್ಕೆ ಎರಡು ಬೋಗಿ ತುಂಬ ಜನ. ಗಿಗಿರಿ ಬಡಾವಣೆಯಿಂದ ಬಂದ ವಿದೇಶಿ ಕುಟುಂಬಗಳು, ನಮ್ಮ ಕನ್ನಡ ಕೂಟದ ಎರಡು ಮೂರು ಮನೆಯವರು, ಯಾವುದೋ ಶಾಲೆಯ ಟೀಚರುಗಳು. ಸರ್ ಹೊಸದಾಗಿ ಹೊಲಿಸಿದ ಕೋಟು ಹಾಕಿದ್ದರು. ಬಾವುಟ ಬೀಸಿ, ಗಾಡಿ ಅಲ್ಲಾಡಿದ ಮೇಲೆ ಪುಟ್ಟ ಜಿಗಿತ ಹಾಕಿ ವ್ಯಾನಿಗೆ ಹತ್ತುವುದು ಅವರ ಪದ್ಧತಿ. ಆ ವಯಸ್ಸಿಗೆ ಅದು ಬೇಡವೆಂದು ಎಲ್ಲರೂ ಹೇಳುತ್ತಿದ್ದೆವು. ಆ ದಿನವೂ ಜಿಗಿದೇ ಹತ್ತಿದರು.

ಲಿಮುರುವಿನಲ್ಲಿ ಹಳಿ ಸ್ವಲ್ಪ ಇಳಿಜಾರು. ಗಾಡಿ ನಿಂತ ಮೇಲೆ ಗಾರ್ಡ್ ಕೈಬ್ರೇಕು ಬಿಗಿಯುತ್ತಾರೆ, ಆಮೇಲೆ ಎಂಜಿನ್ ಕಳಚಿಕೊಂಡು ಇನ್ನೊಂದು ತುದಿಗೆ ಹೋಗುತ್ತದೆ. ಸರ್ ಬ್ರೇಕು ಬಿಗಿದು ಇಳಿದರು, ಎಂಜಿನ್ ಕಳಚಿಕೊಂಡು ಹೋಯಿತು. ಜನರೆಲ್ಲ ಹುಲ್ಲಿನ ಮೇಲೆ ಚಾಪೆ ಹಾಸಿ ಬುತ್ತಿ ಬಿಚ್ಚಿದರು. ನಮ್ಮ ಮನೆಯ ಬುಟ್ಟಿ ವ್ಯಾನಿನಲ್ಲೇ ಉಳಿದಿತ್ತು. ಅದನ್ನು ತರಲು ನಾನು ಹತ್ತಿದೆ. ಬುಟ್ಟಿ ಎತ್ತಿಕೊಳ್ಳುವಾಗ ಚಕ್ರ ಕಣ್ಣಿಗೆ ಬಿತ್ತು. ಇನ್ನೂ ಭದ್ರವಾಗಲಿ ಎಂದು ಬಲಕ್ಕೆ ಒಂದೂವರೆ ಸುತ್ತು ತಿರುಗಿಸಿ ಇಳಿದೆ.

ಚಿತ್ರಾನ್ನ ಬಡಿಸಿಕೊಂಡು ಎರಡು ತುತ್ತು ತಿಂದಿರಬಹುದು. ಬೋಗಿಗಳು ಸದ್ದಿಲ್ಲದೆ ಚಲಿಸುತ್ತಿರುವುದನ್ನು ಮೊದಲು ಕಂಡವನು ನಾನು. ಕೂಗಿದೆ. ಒಡಿಯಾಂಬೊ ಹಳಿಯ ಪಕ್ಕ ಬಿದ್ದಿದ್ದ ಮರದ ತುಂಡೊಂದನ್ನು ಎತ್ತಿ ಚಕ್ರದ ಕೆಳಗೆ ಒತ್ತಿದ. ನಾಲ್ಕು ಮಾರು ಉರುಳಿ ನಿಂತಿತು. ಬೋಗಿಯಲ್ಲಿ ಯಾರೂ ಇರಲಿಲ್ಲ, ಹಳಿಯ ಮೇಲೂ ಇರಲಿಲ್ಲ. ಯಾರದೋ ಒಂದು ಥರ್ಮಾಸ್ ಜಜ್ಜಿಹೋಯಿತು, ಅಷ್ಟೆ. ಆದರೆ ಹತ್ತು ನಿಮಿಷ ಮೊದಲು ಅದೇ ಹಳಿಯ ಮೇಲೆ ಜನ ನಿಂತು ಫೋಟೋ ತೆಗೆಸಿಕೊಂಡಿದ್ದರು. ಸರ್ ಓಡಿ ಬಂದು ವ್ಯಾನಿಗೆ ಹತ್ತಿ ಬ್ರೇಕು ಬಿಗಿದರು. ಇಳಿದಾಗ ಅವರ ಮುಖ ಬಿಳಿಚಿಕೊಂಡಿತ್ತು.

ಶೆಡ್ಡಿಗೆ ವಾಪಸಾದ ಮೇಲೆ ರಿಜಿಸ್ಟರ್ ನನ್ನ ಮುಂದೆ ಬಂತು. ಮೊದಲು ಕಂಡವನು ನಾನಲ್ಲವೇ. ಬೋಗಿಗಳು ತಾವಾಗಿ ಚಲಿಸಿದವು, ಕೈಬ್ರೇಕು ಸಡಿಲವಾಗಿತ್ತು, ಬ್ರೇಕು ಹಾಕಿದವರು ಗಾರ್ಡ್ ಎಂದು ಬರೆದೆ. ನಾನು ಚಕ್ರ ತಿರುಗಿಸಿದ್ದು ಬರೆಯಬೇಕೇ ಎಂದು ಒಂದು ಕ್ಷಣ ಪೆನ್ನು ನಿಂತಿತು. ಬರೆದರೆ ಸರ್ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ ಅನ್ನಿಸಿತು: ಇವನು ಮತ್ತೆ ಬಿಗಿದರೂ ಗಾಡಿ ಓಡಿದೆಯೆಂದರೆ ಮುದುಕ ಎಷ್ಟು ಸಡಿಲ ಬಿಟ್ಟಿರಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅವರ ಮೇಲಿನ ಕರುಣೆಯಿಂದ ಆ ಒಂದು ಸಾಲು ಬಿಟ್ಟೆ.

ಸರ್ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಇಷ್ಟೇನಾ? ಇನ್ನೇನಾದ್ರೂ ಬರೆಯೋದಿದೆಯಾ ನೀವು?"

"ಇಷ್ಟೇ ಸರ್."

ಶೆಡ್ಡಿನೊಳಗೆ ಅವರು ನನಗೆ ಮತ್ತೆ ಬಹುವಚನ ಕೊಟ್ಟದ್ದು ಆ ದಿನ. ಜೇಬಿನಿಂದ ನೀಲಿ ಪೆನ್ನು ತೆಗೆದು ಸಹಿ ಹಾಕಿದರು.

ಸಮಿತಿ ಸೇರಿತು. ಅಧ್ಯಕ್ಷೆ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಎಪ್ಪತ್ತು ದಾಟಿದೆ, ಮರೆವು ಯಾರಿಗೂ ಸಹಜ, ಜನರ ಜೀವದ ಪ್ರಶ್ನೆ, ಇನ್ನು ಮುಂದೆ ಮ್ಝೇ ಗಾರ್ಡ್ ಕೆಲಸ ಮಾಡುವುದು ಬೇಡ, ಹಳೆಯ ಟಿಕೆಟ್ಟುಗಳನ್ನು ವಿಂಗಡಿಸಿ ಜೋಡಿಸುವ ಕೆಲಸ ವಹಿಸಿಕೊಳ್ಳಲಿ ಎಂದರು. ಒಡಿಯಾಂಬೊ ಒಬ್ಬನೇ ಎದ್ದು, ಈ ಮನುಷ್ಯ ಬ್ರೇಕು ಮರೆಯುವವನಲ್ಲ ಎಂದು ಎರಡು ಸಲ ಹೇಳಿದ. ಹಾಗಾದರೆ ಗಾಡಿ ಹೇಗೆ ಓಡಿತು ಎಂದು ಕೇಳಿದ್ದಕ್ಕೆ ಅದೇ ಮಾತನ್ನು ಮೂರನೆಯ ಸಲ ಹೇಳಿ ಕೂತ. ಸರ್ "ಸವಾ" ಎಂದರು. ಸರಿ ಎನ್ನುವ ಆ ಪದವನ್ನು ನಾವೆಲ್ಲ ದಿನಕ್ಕೆ ನೂರು ಸಲ ಆಡುತ್ತೇವೆ. ತೋಳಿನ ಪಟ್ಟಿ ಬಿಚ್ಚಿ, ಬಾವುಟಗಳನ್ನು ಮಡಿಸಿ ಮೇಜಿನ ಮೇಲಿಟ್ಟರು. ಅವರ ಜಾಗಕ್ಕೆ ಯಾರು ಎಂಬ ಮಾತು ಬಂತು. ಸರ್ ಕೈಯಲ್ಲಿ ಪಳಗಿದವನು, ಶಿಸ್ತಿನವನು ಎಂದು ಎಲ್ಲರೂ ನನ್ನ ಹೆಸರು ಹೇಳಿದರು. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

ಮೂರು ಶನಿವಾರ ಅವರು ಬಂದು ಟಿಕೆಟ್ ವಿಂಗಡಿಸಿದರು. ನಾಲ್ಕನೆಯ ವಾರ ಬರಲಿಲ್ಲ. ಐದನೆಯ ವಾರ ಒಡಿಯಾಂಬೊ ನನಗೆ ಗಾರ್ಡ್ ಕೆಲಸ ತೋರಿಸಲೆಂದು ವ್ಯಾನಿಗೆ ಹತ್ತಿಸಿದ. ಬ್ರೇಕು ಬಿಗಿ ಎಂದ. ನಾನು ಚಕ್ರವನ್ನು ಬಲಕ್ಕೆ ತಿರುಗಿಸಿದೆ. ಅವನು ನನ್ನ ಕೈ ಹಿಡಿದು ನಿಲ್ಲಿಸಿದ. ಬೇರೆಲ್ಲ ಬೋಗಿಗಳಲ್ಲಿ ಬಲಕ್ಕೆ ಬಿಗಿ, ಈ ಒಂದರಲ್ಲಿ ಎಡಕ್ಕೆ. ತೋಟದವರು ಮಾಡಿಸಿಕೊಂಡದ್ದು ಹಾಗೆ. ತರಬೇತಿಯ ದಿನ ಮ್ಝೇ ಇದನ್ನೇ ಅರ್ಧ ಗಂಟೆ ಹೇಳಿದ್ದರಲ್ಲ, ನೀನು ಇರಲಿಲ್ಲವೇ ಎಂದ.

ನಾನು ಇದ್ದೆ, ಮರೆತೆ ಎಂದೆ.

ಆ ಒಂದು ಸಾಲು ಬರೆದಿದ್ದರೆ ಒಡಿಯಾಂಬೊ ಓದಿದ ತಕ್ಷಣವೇ ಎಲ್ಲ ಬಯಲಾಗುತ್ತಿತ್ತು. ಸರ್ ಬಿಗಿದ ಬ್ರೇಕನ್ನು ಸಡಿಲಿಸಿದವನು ನಾನು, ಅದನ್ನು ಅವರ ತಲೆಗೆ ಕಟ್ಟಿದವನು ನಾನು, ಅವರ ಪಟ್ಟಿ ತೋಳಿಗೆ ಕಟ್ಟಿಕೊಂಡವನೂ ನಾನೇ. ಅವತ್ತು ಸಂಜೆ ನೇರ ಕಿಲಿಮಾನಿಗೆ ಹೋಗಿ ಹೇಳಿಬಿಡಬೇಕೆಂದು ಹೊರಟೆ. ಅವರ ಬಿಲ್ಡಿಂಗಿನ ಗೇಟಿನ ತನಕ ಹೋಗಿ, ವಾಚ್‌ಮನ್ ಯಾವ ಮನೆ ಎಂದು ಕೇಳಿದಾಗ, ತಪ್ಪು ವಿಳಾಸ ಎಂದು ಹೇಳಿ ತಿರುಗಿ ಬಂದೆ.

ಯಾಕೆ ಹೇಳಲಿಲ್ಲ ಎಂದರೆ ಕಾರಣ ದೊಡ್ಡದೇನಲ್ಲ. ಹೇಳಿದರೆ ಸುಳ್ಳು ಸಹಿಯ ಮಾತು ಬರುತ್ತದೆ. ನಾನು ಕಾರ್ಖಾನೆಯಲ್ಲಿ ಗುಣಮಟ್ಟದ ಮುಖ್ಯಸ್ಥ, ಹುಡುಗರು ಒಂದು ತಾರೀಖು ತಪ್ಪು ಹಾಕಿದರೆ ಮೆಮೊ ಕೊಡುವವನು. ಮುಂದಿನ ವಾರ ಹೇಳೋಣ, ಅವರೇ ಶೆಡ್ಡಿಗೆ ಬಂದಾಗ ಒಬ್ಬರೇ ಸಿಕ್ಕರೆ ಹೇಳೋಣ ಎಂದುಕೊಂಡೆ. ಅವರು ಬರಲೇ ಇಲ್ಲ. ಲಿಮುರು ಗಾಡಿ ಮತ್ತೆ ಹೋಯಿತು, ನಾನು ಬಾವುಟ ಬೀಸಿದೆ. ಈಗ ಚಕ್ರಗಳ ಕೆಳಗೆ ಮರದ ಬೆಣೆ ಇಡುವ ನಿಯಮವೂ ಬಂದಿದೆ.

ಒಂದೇ ಒಂದು ಸಲ ಅವಕಾಶ ಸಿಕ್ಕಿತ್ತು. ಕನ್ನಡ ಕೂಟದ ಯುಗಾದಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಅವರು ನನ್ನ ಹಿಂದೆಯೇ ಬಂದು ನಿಂತರು. ಇಳಿದುಹೋಗಿದ್ದರು. ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿ ಕಾಣುತ್ತಿತ್ತು.

"ವ್ಯಾನ್ ಹೇಗಿದೆ?" ಎಂದರು.

"ಚೆನ್ನಾಗಿದೆ ಸರ್."

"ಬ್ರೇಕಿನ ಸ್ಕ್ರೂಗೆ ಗ್ರೀಸ್ ಹಾಕ್ಸಿ. ಇಲ್ಲಿ ಧೂಳು ಜಾಸ್ತಿ."

"ಹಾಕಿಸ್ತೀನಿ ಸರ್. ಸರ್, ಒಂದು ವಿಷಯ..."

ಅವರು ಕಾದರು. ತಟ್ಟೆ ಹಿಡಿದುಕೊಂಡು, ನನ್ನ ಮುಖವನ್ನೇ ನೋಡುತ್ತ ನಿಜವಾಗಿಯೂ ಕಾದರು. ಮುಂದೆ ಬಡಿಸುತ್ತಿದ್ದವರು ಹೋಳಿಗೆ ಒಂದಾ ಎರಡಾ ಎಂದು ಕೇಳಿದರು. ನಾನು ಎರಡು ಎಂದೆ. ಆಮೇಲೆ ಸರ್ ಕಡೆಗೆ ತಿರುಗಿ, "ಏನಿಲ್ಲ ಸರ್, ಒಂದ್ಸಲ ಶೆಡ್ಡಿಗೆ ಬನ್ನಿ" ಎಂದೆ. ಅವರು "ನೋಡೋಣ" ಎಂದರು. ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಬುಟ್ಟಿ ಹಿಡಿದು ನಾನು ವ್ಯಾನಿನಿಂದ ಇಳಿದದ್ದನ್ನು ಅವರು ನೋಡಿದ್ದಿರಬಹುದು. ಆ ಹೋಳಿಗೆ ನೆನಪಾದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಲಿಮುರುವಿನ ಆ ದಿನಕ್ಕೆ ಹದಿನಾಲ್ಕು ತಿಂಗಳು ತುಂಬುವ ಹೊತ್ತಿಗೆ ಅವರು ಹೋದರು. ಹೃದಯಾಘಾತ, ಆಸ್ಪತ್ರೆಗೆ ಒಯ್ಯುವುದರೊಳಗೆ ಮುಗಿದಿತ್ತಂತೆ. ನಾನು ಕೆಲಸದ ಮೇಲೆ ಕಂಪಾಲಾದಲ್ಲಿದ್ದೆ. ಸುದ್ದಿ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬಂತು, ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶೆಡ್ಡಿನವರಿಗೆ ಯಾರೂ ಹೇಳಿರಲಿಲ್ಲ, ನಾನೇ ಹೇಳಿದೆ. ಒಡಿಯಾಂಬೊ ತಲೆಯ ಟೊಪ್ಪಿ ತೆಗೆದು ಹಲಗೆಯ ಮೇಲೆ ಕೂತ. ವರ್ಷದ ಮೇಲಾದರೂ ಮ್ಝೇ ಒಂದು ಫೋನ್ ಕೂಡ ಮಾಡಲಿಲ್ಲವಲ್ಲ ಎಂದು ಅವನಿಗೆ ನೋವಿತ್ತು.

ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಅವರ ಮನೆಗೆ ಹೋದೆ. ಈ ಸಲ ಗೇಟಿನಿಂದ ತಿರುಗಲಿಲ್ಲ. ಆಂಟಿಗೆ ಎಲ್ಲವನ್ನೂ ಹೇಳಿಬಿಡಬೇಕು, ನಿಮ್ಮ ಯಜಮಾನರು ಬ್ರೇಕು ಮರೆತವರಲ್ಲ ಎಂದು ಅವರಿಗಾದರೂ ತಿಳಿಯಬೇಕು, ಆಮೇಲೆ ಸಮಿತಿಗೂ ಬರೆದು ಕೊಡಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಮಗಳು ಬಾಗಿಲು ತೆಗೆದು ಒಳಗೆ ಹೋದಳು. ಆಂಟಿ ಊಟದ ಮೇಜಿನ ಹತ್ತಿರ ಕೂತಿದ್ದರು. ಕುರ್ಚಿಯ ಬೆನ್ನಿಗೆ ಆ ಎಣ್ಣೆ ಕಲೆಯ ಮೇಲಂಗಿ ಒಗೆದು ಹಾಕಿತ್ತು.

"ಬಾಪ್ಪ, ಕೂತ್ಕೋ. ನಿನ್ನನ್ನೇ ನೆನೆಸ್ಕೊಂಡೆ ಬೆಳಿಗ್ಗೆ" ಎಂದರು.

"ಆಂಟಿ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು ಅಂತಾನೇ ಬಂದೆ."

"ಹೇಳುವಿಯಂತೆ. ಮೊದ್ಲು ನಾನು ಹೇಳ್ಬಿಡ್ತೀನಿ, ಆಮೇಲೆ ಮರ್ತೋಗುತ್ತೆ. ಕೊನೇ ಶನಿವಾರದ ತನಕ ಒಂದು ಶನಿವಾರಾನೂ ತಪ್ಪಿಸ್ಲಿಲ್ಲ ನೋಡು ನಿಮ್ಮ ಸರ್ರು. ಏಳು ಗಂಟೆಗೆ ಡಬ್ಬಿ ಕಟ್ಟಿಕೊಡ್ತಿದ್ದೆ, ನಾಲ್ಕು ಗಂಟೆಗೆ ಡಬ್ಬಿ ಖಾಲಿ ಮಾಡ್ಕೊಂಡು ಬರೋರು. ಮೈಗೆ ಆಗ್ತಾ ಇರ್ಲಿಲ್ಲ, ಹೋಗ್ಬೇಡಿ ಅಂದ್ರೂ ಕೇಳ್ತಿರ್ಲಿಲ್ಲ. ಶೆಡ್ಡಲ್ಲಿ ಹುಡುಗರು ಕಾಯ್ತಾರೆ ಕಣೇ ಅನ್ನೋರು."

ಹದಿನಾಲ್ಕು ತಿಂಗಳು. ಹೆಚ್ಚುಕಡಿಮೆ ಅರವತ್ತು ಶನಿವಾರ. ಡಬ್ಬಿ ಹಿಡಿದು, ಮೇಲಂಗಿ ತೊಟ್ಟು, ಮಟಾಟು ಹತ್ತಿ ಅವರು ಎಲ್ಲಿಗೆ ಹೋಗುತ್ತಿದ್ದರು? ಯಾವ ಪಾರ್ಕಿನ ಬೆಂಚಿನ ಮೇಲೆ ಕೂತು ಒಬ್ಬರೇ ಆ ಊಟ ಮುಗಿಸುತ್ತಿದ್ದರು?

"ಬಂದ್ಮೇಲೆ ಕತೆ ಕತೆ. ಇವತ್ತು ಬೋಗಿಗೆ ಬಣ್ಣ ಆಯ್ತು, ಒಡಿಯಾಂಬೊ ಚಟ್ನಿಪುಡಿ ಇನ್ನೂ ಬೇಕು ಅಂದ, ಎಲ್ಲಾ ಹೇಳೋರು. ಅವನಿಗೆ ಅಂತ ನಾನು ಪ್ರತಿ ವಾರ ಬೇರೆ ಪೊಟ್ಟಣ ಕಟ್ಟಿ ಕೊಡ್ತಿದ್ದೆ. ಜಾಸ್ತಿ ಹೇಳ್ತಿದ್ದದ್ದು ನಿನ್ನ ವಿಷಯ. ಗಾರ್ಡ್ ಕೆಲ್ಸ ನಾನೇ ಅವನಿಗೆ ಬಿಟ್ಕೊಟ್ಟೆ ಕಣೇ, ಬಾವುಟಾನೂ ಅವನಿಗೇ ಕೊಟ್ಟೆ, ವಾರವಾರ ಕೂರಿಸ್ಕೊಂಡು ಕಲಿಸ್ತಾ ಇದೀನಿ ಅನ್ನೋರು. ನನ್ ಹತ್ರ ಕಲ್ತವನು, ತಪ್ಪು ಮಾಡಲ್ಲ ಅನ್ನೋರು."

ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಳುವಿನಲ್ಲಿಯೂ ಅವರ ಮುಖದಲ್ಲಿ ಒಂದು ತೃಪ್ತಿಯಿತ್ತು. ಕೊನೆಯ ಶನಿವಾರದವರೆಗೂ ಗಂಡ ತನಗೆ ಬೇಕಾದ ಕಡೆ, ಬೇಕಾದವರ ಜೊತೆ ಇದ್ದ ಎಂಬ ತೃಪ್ತಿ. ನಾನು ಹೇಳಲು ತಂದಿದ್ದ ಮಾತಿನ ಮೊದಲ ವಾಕ್ಯ ಆಡಿದರೂ ಆ ಅರವತ್ತು ಶನಿವಾರಗಳನ್ನು ಅವರ ಕೈಯಿಂದ ಕಿತ್ತುಕೊಂಡಂತೆ ಆಗುತ್ತಿತ್ತು.

"ನೀನೇನೋ ಹೇಳ್ಬೇಕು ಅಂದ್ಯಲ್ಲ?"

"ಏನಿಲ್ಲ ಆಂಟಿ. ಸರ್ ನೆನಪಾಯ್ತು, ಬಂದೆ."

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ. ಅಷ್ಟು ತಿಂಗಳು ಪಾಪ ಆ ಮೈಯಲ್ಲಿ ಬಂದು ಕಲಿಸಿದ್ರಲ್ಲ, ನಿನಗೆ ಪೂರ್ತಿ ಬಂತಾ ಆ ಕೆಲ್ಸ?"

"ಬಂತು ಆಂಟಿ" ಎಂದೆ. "ಎಲ್ಲಾ ಅವರೇ ಕಲಿಸಿದ್ದು."